ಮೂವತ್ತೈದರ ಹೊತ್ತಿಗೆ ಹಳೆಯ ಸಹಪಾಠಿಯ ಸಾಲಕ್ಕೆ ಜಾಮೀನು ನಿಲ್ಲಬಹುದೇ?

ಪ್ರಶ್ನೆ (ಮುಲುಂಡ್, ಮುಂಬಯಿ)

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಎಂ.ಎ. ಓದುತ್ತಿದ್ದಾಗ ನಾವು ನಾಲ್ವರು ಕನ್ನಡದವರು ಒಂದು ಗುಂಪಾಗಿದ್ದೆವು. ರಾನಡೆ ಭವನದ ತರಗತಿ ಮುಗಿಸಿ ಒಟ್ಟಿಗೆ ಬಸ್ಸು ಹಿಡಿಯುತ್ತಿದ್ದೆವು, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕವಿದ್ದರೆ ಒಟ್ಟಿಗೇ ಹೋಗುತ್ತಿದ್ದೆವು, ತಿಂಡಿಯ ಬಿಲ್ಲು ಬಂದಾಗ ಯಾರ ಜೇಬಿನಲ್ಲಿ ಎಷ್ಟಿದೆಯೋ ಅಷ್ಟನ್ನು ಮೇಜಿನ ಮೇಲೆ ಹಾಕುತ್ತಿದ್ದೆವು. ಈಗ ಎಲ್ಲರಿಗೂ ಮೂವತ್ತೈದರ ಆಸುಪಾಸು. ನಾನು ಮುಲುಂಡ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಗೆಳತಿ ಖಾರ್‌ಘರ್‌ನಲ್ಲಿ, ಒಬ್ಬ ಗೆಳೆಯ ಗೋವೆಯ ವಾಸ್ಕೋದಲ್ಲಿ, ಇನ್ನೊಬ್ಬ ಪುಣೆಯ ಚಿಂಚವಾಡದಲ್ಲಿದ್ದಾನೆ.

ಪುಣೆಯ ಗೆಳೆಯ ಕಂಪನಿಯ ಕೆಲಸ ಹೋದ ಮೇಲೆ ಉಡುಪಿ ಮಾದರಿಯ ಚಿಕ್ಕದೊಂದು ಹೋಟೆಲು ತೆರೆಯಲು ಹೊರಟಿದ್ದಾನೆ. 18 ಲಕ್ಷ ರೂಪಾಯಿಯ ಸಾಲಕ್ಕೆ ಬ್ಯಾಂಕಿನವರು ಜಾಮೀನುದಾರರನ್ನು ಕೇಳಿದ್ದಾರೆ. ಅವನು ಆ ಮಾತನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇಟ್ಟ. ವಾಸ್ಕೋದವನು ಎರಡೇ ಸಾಲಿನಲ್ಲಿ ಆಗುವುದಿಲ್ಲವೆಂದ, ಖಾರ್‌ಘರ್‌ನವಳು ಓದಿ ಸುಮ್ಮನಾದಳು, ಅಲ್ಲಿಂದೀಚೆಗೆ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೆ ಮಾತಿಲ್ಲ. ಉಳಿದವನು ನಾನೊಬ್ಬ. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಬೆಂಚಿನ ಮೇಲೆ ಕುಳಿತು ಕಾದವನು ಇವನೇ. ಆದರೆ ಈ ವರ್ಷ ನಾನೂ ಮನೆಸಾಲಕ್ಕೆ ಅರ್ಜಿ ಹಾಕಬೇಕಾಗಿದೆ, ಪತ್ನಿಗೆ ಈ ಜಾಮೀನು ಸುತರಾಂ ಒಪ್ಪಿಗೆಯಿಲ್ಲ. ಸಹಿ ಹಾಕಿದರೆ ನಿಜವಾಗಿ ಏನೇನು ನನ್ನ ಮೇಲೆ ಬರುತ್ತದೆ? ಹಾಕದಿದ್ದರೆ ಈ ಸ್ನೇಹವನ್ನು ಉಳಿಸಿಕೊಳ್ಳುವ ದಾರಿ ಯಾವುದು?

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ)

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಎರಡನೆಯದು ನನ್ನ ಖಾತೆಯದಲ್ಲ.

ಜಾಮೀನುದಾರನೆಂದರೆ ಸಾಲಗಾರ ಒಳ್ಳೆಯವನೆಂದು ಸಾಕ್ಷಿ ಹೇಳುವವನು ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೊದಲು ಸಾಲಗಾರನಿಂದ ವಸೂಲಿಗೆ ಪ್ರಯತ್ನಿಸಿ, ಆಗದಿದ್ದರೆ ನನ್ನ ಬಳಿ ಬನ್ನಿ ಎಂದು ನೀವು ಹೇಳುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 1968ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ನೀವು ಹಣ ಕಟ್ಟಿದರೆ ಅದನ್ನು ಗೆಳೆಯನಿಂದ ವಸೂಲು ಮಾಡುವ ಹಕ್ಕು 140 ಮತ್ತು 145ನೇ ಕಲಮುಗಳಲ್ಲಿ ಇದೆಯಾದರೂ ಹೋಟೆಲು ಮುಚ್ಚಿದವನಿಂದ ವಸೂಲು ಮಾಡುವುದೇನು? ಜಾಮೀನು ನಿಂತ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲಿಯೂ ಕಾಣಿಸುತ್ತದೆ, ಮತ್ತು ಅನೇಕ ಬ್ಯಾಂಕುಗಳು ಮನೆಸಾಲದ ಅರ್ಹತೆ ಲೆಕ್ಕ ಹಾಕುವಾಗ ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತವೆ. ನಿಮ್ಮ ಪತ್ನಿಯ ಆತಂಕಕ್ಕೆ ಬಲವಾದ ಕಾರಣವಿದೆ.

ಅದಕ್ಕಿಂತ ಮುಖ್ಯವಾದ ಒಂದು ಮಾತನ್ನು ನಿಮ್ಮ ಗೆಳೆಯನಿಗೆ ತಲುಪಿಸಿ. ಸಣ್ಣ ಉದ್ದಿಮೆಗಳ ಸಾಲಕ್ಕೆ ಭದ್ರತೆ ಒದಗಿಸಲೆಂದೇ ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಉದ್ದಿಮೆಗಳ ಅಭಿವೃದ್ಧಿ ಬ್ಯಾಂಕು) ಸೇರಿ 2000ರಲ್ಲಿ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ ಸ್ಥಾಪಿಸಿವೆ. ಅದರ ರಕ್ಷಣೆಯಡಿ ಕೊಡುವ ಸಾಲಕ್ಕೆ ಬ್ಯಾಂಕು ಮೂರನೆಯವರ ಜಾಮೀನು ಪಡೆಯುವಂತಿಲ್ಲ. ಸಾಮಾನ್ಯವಾಗಿ ಸಾಲಗಾರನೇ ಭರಿಸುವ ಒಂದು ಶುಲ್ಕವಿರುತ್ತದೆ, ಅಷ್ಟೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡು ಆ ಯೋಜನೆಯಡಿ ಸಾಲ ಕೊಡಿ ಎಂದು ಲಿಖಿತವಾಗಿ ಕೇಳಲಿ. ಒಂದು ಶಾಖೆ ಒಪ್ಪದಿದ್ದರೆ ಇನ್ನೊಂದಕ್ಕೆ ಹೋಗಲಿ. ಜಾಮೀನುದಾರನನ್ನು ಕರೆತನ್ನಿ ಎನ್ನುವುದು ಶಾಖೆಯವರಿಗೆ ಸುಲಭದ ದಾರಿ, ಮೇಜಿನ ಆಚೆ ಕುಳಿತು ನಾನೂ ಅದನ್ನು ಬಲ್ಲೆ.

ಉತ್ತರ 2 (ಕೋಥರೂಡ್, ಪುಣೆ)

ಮೇಲಿನವರು ಬರೆದ ಕಾನೂನು ಸರಿ. ನನ್ನನ್ನು ಕಾಡಿದ್ದು ಬೇರೆ: ಇಷ್ಟು ದೊಡ್ಡ ಮಾತನ್ನು ಗುಂಪಿನಲ್ಲಿ ಕೇಳಿದ್ದು ಮತ್ತು ಗುಂಪಿನಲ್ಲೇ ನಿರಾಕರಿಸಿದ್ದು. ಒಬ್ಬೊಬ್ಬರಿಗೂ ಫೋನು ಮಾಡಿ ಕೇಳುವ ಧೈರ್ಯ ಅವನಿಗೆ ಬಂದಿರಲಿಕ್ಕಿಲ್ಲ. ಕೆಲಸ ಕಳೆದುಕೊಂಡವರಿಗೆ, ಅದರಲ್ಲೂ ಉಳಿದವರೆಲ್ಲ ಮನೆ ಕೊಳ್ಳುವ ಮಾತಾಡುತ್ತಿರುವಾಗ, ಆ ಧೈರ್ಯ ಸುಲಭವಾಗಿ ಬರುವುದಿಲ್ಲ.

ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ಊರಿಗೆ ಬಂದವರನ್ನೂ ಮೊದಲ ವರ್ಷದ ವಿದ್ಯಾರ್ಥಿಗಳನ್ನೂ ಗಮನಿಸಿ, ಸಾಧಾರಣ ಸ್ನೇಹಕ್ಕೆ ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಬೇಕು ಎಂದು ಅಂದಾಜಿಸಿದ್ದಾರೆ. ಕಲೀನಾದಲ್ಲಿ ನೀವು ನಾಲ್ವರು ಅಷ್ಟು ಹೊತ್ತನ್ನು ಒಂದೇ ಸೆಮಿಸ್ಟರಿನಲ್ಲಿ ಕಳೆದಿರಬೇಕು. ಈಗ ತಿಂಗಳಿಗೆ ಎರಡು ಗಂಟೆ ಭೇಟಿಯಾದರೂ ವರ್ಷಕ್ಕೆ 24 ಗಂಟೆ. ಭಾನುವಾರ ಸಿಗೋಣವೆಂದರೆ ದುರಸ್ತಿಗೆಂದು ರೈಲು ತಡೆಯುವ ನಿಮ್ಮ ಮಧ್ಯ ರೈಲ್ವೆಯ ಮೆಗಾಬ್ಲಾಕ್ ಬೇರೆ! ಹಳೆಯ ಒಡನಾಟದ ಬಲದ ಮೇಲೆ ಅವನು ಕೇಳಿದ, ಇಂದಿನ ಒಡನಾಟದ ಅಳತೆಗೆ ತಕ್ಕಂತೆ ನೀವೆಲ್ಲ ಉತ್ತರಿಸುತ್ತಿದ್ದೀರಿ. ಹೀಗಾಗಿ ಇಬ್ಬರಿಗೂ ಅನ್ಯಾಯವಾದಂತೆ ಅನ್ನಿಸುತ್ತದೆ.

ಇಲ್ಲವೆಂದು ಹೇಳುವುದಾದರೆ ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್ ಹಿಡಿದು ಪುಣೆಗೆ ಬಂದು ಎದುರಿಗೆ ಹೇಳಿ. ಹೋಟೆಲಿಗೆಂದು ನೋಡಿದ ಜಾಗವನ್ನು ತೋರಿಸೆನ್ನಿ, ಬಾಡಿಗೆ ಎಷ್ಟು, ದಿನಕ್ಕೆ ಎಷ್ಟು ವ್ಯಾಪಾರವಾದರೆ ಕಂತು ಕಟ್ಟಬಹುದು ಎಂದು ಕೂತು ಲೆಕ್ಕ ಹಾಕಿ. ಅಡುಗೆಯವರನ್ನು ಹಿಡಿದಿಟ್ಟುಕೊಳ್ಳುವುದೇ ಪುಣೆಯಲ್ಲಿ ದೊಡ್ಡ ಕಷ್ಟ, ಅದನ್ನೂ ಕೇಳಿ. ಖಾರ್‌ಘರ್‌ನ ಗೆಳತಿಯನ್ನೂ ಜೊತೆಗೆ ಕರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.

ಉತ್ತರ 3 (ಮಡಗಾಂವ್, ಗೋವೆ)

ನಾನು ಸಾಲ ಕೇಳಿದವರ ಸಾಲಿನವನು. ಅಂಗಡಿ ಹಾಕುವಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನನ್ನ ಸಹಪಾಠಿಯೊಬ್ಬ ಜಾಮೀನಿಗೆ ಒಪ್ಪಲಿಲ್ಲ. ಬದಲಿಗೆ, ಹೋದರೂ ತನಗೆ ತಡೆಯುವಷ್ಟು ಎಂದು ಒಂದು ಮೊತ್ತವನ್ನು ತಾನೇ ಹೇಳಿ ಖಾತೆಗೆ ಹಾಕಿದ, ಒಂದು ಪುಟದ ಕರಾರು ಬರೆಸಿಕೊಂಡ. ಕರಾರು ನೋಡಿ ಆ ದಿನ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅದರಲ್ಲಿ ತಾರೀಖು ಇದ್ದುದರಿಂದಲೇ ನಮ್ಮ ನಡುವೆ ಅನುಮಾನಕ್ಕೆ ಎಡೆಯಿರಲಿಲ್ಲ; ಅವನ ಮನೆಯ ಮದುವೆಗೆ ಹೋಗಲು ನಾನು ಹಿಂಜರಿಯಬೇಕಾಗಲಿಲ್ಲ. ನೀವು ಈ ದಾರಿ ಹಿಡಿದರೆ ಎರಡು ವಿಷಯ ನೆನಪಿಡಿ: 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ, ಮತ್ತು ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದೆ.

ವಾಸ್ಕೋದ ಗೆಳೆಯನ ಬಗ್ಗೆ ಅಷ್ಟು ಬೇಸರ ಬೇಡ. ಎರಡು ಸಾಲಿನ ನಿರಾಕರಣೆ ಒರಟಾಗಿ ಕಾಣುತ್ತದೆ, ಆದರೂ ಕಾಯಿಸಿ ಕಾಯಿಸಿ ಉತ್ತರಿಸದೆ ಇರುವವರಿಗಿಂತ ಅವನು ವಾಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಶನಿವಾರ ಪತ್ನಿಯೊಡನೆ ಪುಣೆಗೆ ಹೋಗುತ್ತಿದ್ದೇನೆ, ಖಾರ್‌ಘರ್‌ನವಳೂ ಬರುವುದಾಗಿ ಹೇಳಿದ್ದಾಳೆ. ಸಿಜಿಟಿಎಂಎಸ್‌ಇ ವಿಚಾರ ಅವನಿಗೆ ಗೊತ್ತೇ ಇರಲಿಲ್ಲ. ಡೊಂಬಿವಲಿಯವರಲ್ಲಿ ಇನ್ನೊಂದು ಪ್ರಶ್ನೆ: ದಿನವಹಿ ಖರ್ಚಿಗೆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಗೆ ಮಾತ್ರ ನಾನು ಜಾಮೀನು ನಿಂತರೆ, ಮುಂದೆ ಅದರಿಂದ ಹೊರಬರಬಹುದೇ?

ಉತ್ತರ 1ರವರು ಮತ್ತೆ

ಅದು ಮುಂದುವರಿಯುವ ಜಾಮೀನಾಗಿದ್ದರೆ, ಅಂದರೆ ಒಂದೇ ಸಾಲಕ್ಕಲ್ಲದೆ ಸಾಲುಸಾಲು ವ್ಯವಹಾರಗಳಿಗೆ ಅನ್ವಯಿಸುವಂಥದ್ದಾಗಿದ್ದರೆ, ಕರಾರು ಕಾಯ್ದೆಯ 130ನೇ ಕಲಮಿನಂತೆ ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಬಹುದು. ಅಲ್ಲಿಯವರೆಗಿನ ಬಾಕಿಯ ಹೊಣೆ ನಿಮ್ಮ ಮೇಲೆ ಉಳಿಯುತ್ತದೆ. ಆದರೆ ಬ್ಯಾಂಕಿನ ಅಚ್ಚಾದ ನಮೂನೆಯಲ್ಲಿ ಈ ಬಗ್ಗೆ ಏನು ಬರೆದಿದೆಯೆಂದು ಸಹಿಗೆ ಮೊದಲು ಓದಿ, ನೋಟೀಸು ಕೊಡುವ ದಿನ ಶಾಖೆಯ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ.