ಗೊದುಂಗೊ ಜೊರಿಮ್: ಮೂಲಂಗಿ ಬೇಯಲಿಲ್ಲ, ಮೀನು ಪುಡಿಯಾಯಿತು, ಉಪ್ಪೂ ಜಾಸ್ತಿ

ಸುವಾನ್‌ವಾಸಿ:
ಇಲ್ಲಿ ಕೊರಿಯಾದ ಊಟದ ಮನೆಯಲ್ಲಿ ತಿಂದ ಗೊದುಂಗೊ ಜೊರಿಮ್ (ಮೂಲಂಗಿಯೊಡನೆ ಖಾರದ ರಸದಲ್ಲಿ ಬೇಯಿಸಿದ ಬಂಗುಡೆ ಜಾತಿಯ ಮೀನು) ನಮ್ಮ ಬಂಗುಡೆ ಪುಳಿಮುಂಚಿಯ ದಾಯಾದಿಯಂತೆ ಕಂಡಿತು. ಮನೆಯಲ್ಲೇ ಮಾಡಲು ಹೊರಟೆ. ಮೂಲಂಗಿ, ಮೀನು, 3 ಚಮಚ ಗೊಚುಜಾಂಗ್ (ಹುದುಗಿಸಿದ ಮೆಣಸಿನ ಪೇಸ್ಟ್), 4 ಚಮಚ ಸೋಯಾ ಸಾಸ್, ನೀರು ಎಲ್ಲವನ್ನೂ ಒಟ್ಟಿಗೆ ಹಾಕಿ, ಮುಚ್ಚಿ 20 ನಿಮಿಷ ಬೇಯಿಸಿದೆ. ಮೂಲಂಗಿ ಕಟಕಟ ಎನ್ನುತ್ತದೆ. ಮಗುಚಿದಾಗ ಮೀನು ಪುಡಿಯಾಯಿತು, ತಳ ಹಿಡಿಯಿತು. ಉಪ್ಪಂತೂ ಬಾಯಿಗಿಡುವಂತಿಲ್ಲ. ಸೋಯಾ ಸಾಸ್ ಕಡಿಮೆ ಮಾಡಿದರೆ ಸಾಕೇ?

ಅಕ್ಕಚ್ಚು:
ಸಾಲದು. ಮೀನು ಹಸಿಯದೋ, ಉಪ್ಪು ಹಚ್ಚಿದ್ದೋ? ಪೊಟ್ಟಣದ ಮೇಲೆ ಏನು ಬರೆದಿತ್ತು?

ಸುವಾನ್‌ವಾಸಿ:
ಸೀಳಿದ ಎರಡು ಹೋಳುಗಳಿದ್ದವು. ಮೊಬೈಲ್ ‘ಆಂದೊಂಗ್’ ಎಂದು ಓದಿತು.

ಅಕ್ಕಚ್ಚು:
ಕಳ್ಳ ಸಿಕ್ಕಿದ. ಆಂದೊಂಗ್ ಒಳನಾಡಿನ ಊರು. ಹಿಂದೆ ಯೊಂಗ್‌ದೊಕ್ ಕರಾವಳಿಯಿಂದ ಅಲ್ಲಿಗೆ ಹೊತ್ತು ತರುವಷ್ಟರಲ್ಲಿ ಮೀನು ಕೆಡದಿರಲೆಂದು ಉಪ್ಪು ಹಚ್ಚುತ್ತಿದ್ದರು. ಉಪ್ಪುಮೀನಿಗೆ ಆ ಊರಿನ ಹೆಸರು ಅಂಟಿಕೊಂಡಿತು. ಅದು ಸುಟ್ಟು ತಿನ್ನಲು ಚೆನ್ನ. ಜೊರಿಮ್‌ಗೆ ಹಸಿ ಮೀನು ಕೊಳ್ಳಿ. ಮನೆಯಲ್ಲಿ ಇನ್ನೂ ಆ ಪೊಟ್ಟಣವಿದ್ದರೆ ಅಕ್ಕಚ್ಚಿನಲ್ಲಿ, ಅಂದರೆ ಅಕ್ಕಿ ತೊಳೆದ ನೀರಿನಲ್ಲಿ, ಅರ್ಧ ಗಂಟೆ ನೆನೆಸಿ, ಉಪ್ಪು ತಕ್ಕಮಟ್ಟಿಗೆ ಇಳಿಯುತ್ತದೆ. ನಾವು ದನಕ್ಕೆ ಸುರಿಯುವ ಅಕ್ಕಚ್ಚನ್ನು ಕೊರಿಯಾದವರು ಅಡುಗೆಗೆ ಎತ್ತಿಡುತ್ತಾರೆ. ಮೊದಲ ತೊಳೆತದ್ದನ್ನು ಚೆಲ್ಲಿ, ಎರಡನೆಯದನ್ನು ಬಳಸಿ.

ಮೂಲಂಗಿಯನ್ನು ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ ತಳದಲ್ಲಿ ಹಾಸಿ. ಅದು ಮುಳುಗುವಷ್ಟು ಅಕ್ಕಚ್ಚು, ಅರ್ಧ ಮಸಾಲೆ ಹಾಕಿ, ಕಡ್ಡಿ ಚುಚ್ಚಿದರೆ ಇಳಿಯುವವರೆಗೆ ಕುದಿಸಿ. 15 ನಿಮಿಷ ಹಿಡಿಯಬಹುದು. ಆಮೇಲೆಯೇ ಮೀನು, ಉಳಿದ ಮಸಾಲೆ. ಮೊದಲ ಐದು ನಿಮಿಷ ಮುಚ್ಚಬೇಡಿ, ನೀಚು ವಾಸನೆ ಹಬೆಯೊಡನೆ ಹೋಗಲಿ. ಮಗುಚಲೂ ಬೇಡಿ. ಬಾಣಲೆಯನ್ನು ವಾಲಿಸಿ, ರಸವನ್ನು ಚಮಚದಲ್ಲಿ ಮೀನಿನ ಮೇಲೆ ಹೊಯ್ಯುತ್ತಿರಿ.

ತಳ ಹಿಡಿದದ್ದು ಗೊಚುಜಾಂಗ್‌ನಿಂದ. ಅದರಲ್ಲಿ ಅಕ್ಕಿಯ ಹಿಟ್ಟು, ಸಿಹಿ ಎರಡೂ ಇರುತ್ತವೆ. ಅರ್ಧ ಚಮಚ ಸಾಕು, ಖಾರಕ್ಕೆ ಗೊಚುಗಾರು (ಕೊರಿಯಾದ ಮೆಣಸಿನ ಪುಡಿ) ಮೂರು ಚಮಚ. ಬೆಳ್ಳುಳ್ಳಿ, ಶುಂಠಿಗೆ ಕೈ ಬಿಗಿಹಿಡಿಯಬೇಡಿ. ಹುಣಸೆಹಣ್ಣು ಮಾತ್ರ ಬೇಡ. ಹಾಕಿದರೆ ಅದು ಪುಳಿಮುಂಚಿಯೇ!

ಸುವಾನ್‌ವಾಸಿ:
ಹಸಿ ಮೀನು ತಂದು ಮಾಡಿದೆ. ಹೋಳು ಇಡಿಯಾಗಿ ಉಳಿಯಿತು, ಉಪ್ಪೂ ಹದ. ಮೂಲಂಗಿ ಬೆಂದಿದೆ, ಆದರೆ ಕಹಿ.

ಅಕ್ಕಚ್ಚು:
ಜುಲೈ ತಿಂಗಳಲ್ಲವೇ? ಬೇಸಿಗೆಯ ಮೂಲಂಗಿ ಹಾಗೆಯೇ. ಚಳಿಗಾಲದ್ದು ಬರುವವರೆಗೆ ಆಲೂಗಡ್ಡೆ ಹಾಸಿ.