ರಸ್ತೆ ಓಟದವರು ಗುಡ್ಡದ ಓಟಕ್ಕೆ ತಯಾರಾಗೋದು ಹೇಗೆ? ನವೆಂಬರಲ್ಲಿ 30 ಕಿ.ಮೀ. ಗುಡ್ಡ, ಡಿಸೆಂಬರಲ್ಲಿ 10 ಕಿ.ಮೀ. ರಸ್ತೆ

ಕುಂದುವಾಡ_ಕೆರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಓಟದ ಕ್ಲಬ್ಬಿನವರು ಇಲ್ಲೀತನಕ ಹೋಗಿದ್ದೆಲ್ಲ ರಸ್ತೆ ಓಟಗಳಿಗೇ, 10 ಕಿ.ಮೀ. ಮತ್ತು ಹಾಫ್ ಮ್ಯಾರಥಾನ್. ಈ ಸಲ ಏಳೆಂಟು ಜನ ನವೆಂಬರ್ ಮೂರನೇ ವಾರದಲ್ಲಿ ಚಿಕ್ಕಮಗಳೂರು ಕಡೆ 30 ಕಿ.ಮೀ. ಗುಡ್ಡದ ಓಟಕ್ಕೆ ಹೆಸರು ಕೊಡ್ತಿದ್ದಾರೆ. ಒಟ್ಟು ಏರು 1,200 ಮೀಟರ್ ಅಂತ ಹಾಕಿದ್ದಾರೆ. ಅದಾಗಿ ನಾಲ್ಕು ವಾರಕ್ಕೆ ಬೆಂಗಳೂರಲ್ಲಿ 10 ಕಿ.ಮೀ. ರಸ್ತೆ ಓಟ, ಅದಕ್ಕೂ ಇದೇ ಜನ. ಎಲ್ಲರೂ 10 ಕಿ.ಮೀ.ನ 50ರಿಂದ 62 ನಿಮಿಷದೊಳಗೆ ಮುಗಿಸೋರು. ಕೈಯಲ್ಲಿ ಹನ್ನೆರಡು ವಾರ ಇದೆ.

ದಾವಣಗೆರೆ ಸುತ್ತಮುತ್ತ ಅಂಗೈಯಷ್ಟು ಸಪಾಟು. ಏರಿನ ಅಭ್ಯಾಸ ಎಲ್ಲಿ, ಎಷ್ಟು ಮಾಡಬೇಕು? ಗುಡ್ಡಕ್ಕೆ ತಯಾರಾದ್ರೆ ರಸ್ತೆಯ ವೇಗ ಸಾಯುತ್ತಾ? ಶೂ, ಊಟ, ನೀರಿನ ವಿಷಯದಲ್ಲಿ ಏನು ಬದಲಾಯಿಸಬೇಕು? ತಿಳಿದವರು ವಿವರವಾಗಿ ಬರೀರಿ.

ಜೋಗಿಮಟ್ಟಿ_ಏರು (ಚಿತ್ರದುರ್ಗ)

ಸರ್, ಮೊದಲು 30 ಕಿ.ಮೀ. ಅನ್ನೋದನ್ನ ತಲೆಯಿಂದ ತೆಗೆದುಬಿಡಿ. ಗುಡ್ಡದ ಓಟ ಅಳೆಯೋದು ಕಿ.ಮೀ.ಗೆ ಎಷ್ಟು ಮೀಟರ್ ಏರು ಅಂತ. ನಿಮ್ಮದು 1,200 ಭಾಗಿಸು 30, ಅಂದ್ರೆ ಕಿ.ಮೀ.ಗೆ 40 ಮೀ. ಇಂಗ್ಲೆಂಡಿನ ಫೆಲ್ (ಅಂದ್ರೆ ಗುಡ್ಡದ) ಓಟಗಾರರ ಸಂಘ ಇದೇ ಲೆಕ್ಕದ ಮೇಲೆ ಓಟಗಳನ್ನ ದರ್ಜೆ ಮಾಡ್ತದೆ. ಕಿ.ಮೀ.ಗೆ ಕನಿಷ್ಠ 50 ಮೀ. ಇದ್ರೆ ಎ, 25 ಇದ್ರೆ ಬಿ, 20 ಇದ್ರೆ ಸಿ. 20 ಕಿ.ಮೀ.ಗಿಂತ ಉದ್ದ ಆದ್ರೆ ಅದು ದೂರದ ಓಟ. ಆ ಅಳತೇಲಿ ನಿಮ್ಮದು ಬಿ ದರ್ಜೆಯ ದೂರದ ಓಟ, ಗಟ್ಟಿ ಬಿ.

ಎಷ್ಟು ಹೊತ್ತು ಹಿಡೀತದೆ ಅನ್ನೋಕೂ ಒಂದು ಲೆಕ್ಕ ಐತೆ. 100 ಮೀ. ಏರಿದ್ರೆ ಸಪಾಟಲ್ಲಿ ಸುಮಾರು 800 ಮೀ. ಓಡಿದ ಹಾಗೆ. ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರು 1892ರಲ್ಲಿ ಹಾಕಿಕೊಟ್ಟ ನಡಿಗೆಯ ಸೂತ್ರದಿಂದ ಬಂದದ್ದು ಇದು. 1,200 ಮೀ.ಗೆ 9.6 ಕಿ.ಮೀ. ಸೇರಿಸಿ, 39.6 ಆಯ್ತು. ನಿಮ್ಮವರ ಆರಾಮದ ಓಟ ಕಿ.ಮೀ.ಗೆ 7 ನಿಮಿಷ ಅಂದ್ಕೊಂಡ್ರೆ 4 ಗಂಟೆ 37 ನಿಮಿಷ. ಕಲ್ಲು, ಬೇರು, ಕೆಸರು ಅಂತ ಇನ್ನೊಂದು ಇಪ್ಪತ್ತೈದು ನಿಮಿಷ ಇಟ್ಕೊಳ್ಳಿ. ಅಂದ್ರೆ ನೀವು ತಯಾರಾಗ್ತಿರೋದು ಐದು ಗಂಟೆ ಹೊತ್ತು ಕಾಲ ಮೇಲೆ ಇರೋದಕ್ಕೆ. ಹಾಫ್ ಮ್ಯಾರಥಾನಿಗಿಂತ ಒಂಬತ್ತು ಕಿ.ಮೀ. ಜಾಸ್ತಿ ಅಷ್ಟೇ ಅಂತ ಹೋದವರು 18ನೇ ಕಿ.ಮೀ. ಹೊತ್ತಿಗೆ ಕೂತುಬಿಡ್ತಾರೆ.

ಏರಿಗೆ ನಿಮಗೆ ಹತ್ತಿರದ್ದು ಬಾತಿ ಗುಡ್ಡ. ಬುಡದಿಂದ ತುದಿಗೆ ಎಷ್ಟು ಮೀಟರ್ ಅಂತ ವಾಚಿನಲ್ಲಿ ಒಂದು ಸಲ ನೋಡಿಕೊಳ್ಳಿ. ಬ್ಯಾರೋಮೀಟರ್ (ಗಾಳಿಯ ಒತ್ತಡದಿಂದ ಎತ್ತರ ಅಳೆಯೋದು) ಇರೋ ವಾಚ್ ಬೇಕು, ಬರೀ ಜಿಪಿಎಸ್‌ನ ಎತ್ತರ ನಂಬಬೇಡಿ. ಆಮೇಲೆ ದಿನಗಳನ್ನ ಕಿ.ಮೀ. ಬದಲು ಏರಿನ ಮೀಟರಲ್ಲಿ ಬರೆದಿಡಿ. ವಾರಕ್ಕೆ 300 ಮೀ.ನಿಂದ ಶುರು, ವಾರಾವಾರ 100 ಮೀ. ಏರಿಸಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಹತ್ತನೇ ವಾರದ ಹೊತ್ತಿಗೆ ವಾರಕ್ಕೆ 1,000 ಮೀ. ಮುಟ್ಟಿದ್ರೆ ಸಾಕು. ಮಳೆ ಬಂದು ಗುಡ್ಡ ಜಾರ್ತಿದ್ರೆ ಜಿಮ್ಮಿನ ಟ್ರೆಡ್‌ಮಿಲ್ಲಲ್ಲಿ 12 ಶೇಕಡಾ ಏರಿಟ್ಟು ಗಂಟೆಗೆ 6 ಕಿ.ಮೀ.ನಲ್ಲಿ ಬಿರುಸಾಗಿ ನಡೀರಿ, ಅರ್ಧ ಗಂಟೆಗೆ 360 ಮೀ. ಏರಿದ ಲೆಕ್ಕ. ಆದ್ರೆ ಅದರಲ್ಲಿ ಇಳಿಯೋದು ಇಲ್ಲ. ಅದೇ ದೊಡ್ಡ ಕೊರತೆ, ಫಿಸಿಯೋ ಮೇಡಂ ಬಂದ್ರೆ ಅವರು ಹೇಳ್ಲಿ.

ಎರಡು ಮೂರು ವಾರಕ್ಕೊಮ್ಮೆ ದುರ್ಗಕ್ಕೆ ಬನ್ನಿ. ಊರು ಸಮುದ್ರಮಟ್ಟದಿಂದ ಸುಮಾರು 730 ಮೀ., ಜೋಗಿಮಟ್ಟಿ ತುದಿ ಅದಕ್ಕಿಂತ ನೂರಾರು ಮೀ. ಎತ್ತರ. ಒಂದೇ ಏಟಿಗೆ ನಿಮ್ಮ ಓಟದ ಏರಿನ ದೊಡ್ಡ ಪಾಲು ಸಿಕ್ತದೆ. ಅದು ವನ್ಯಧಾಮ, ಕರಡಿ, ಚಿರತೆ ಎರಡೂ ಇವೆ. ಅರಣ್ಯ ಇಲಾಖೆಯವರನ್ನ ಮೊದಲೇ ಕೇಳಿಕೊಂಡು, ಪೂರ್ತಿ ಬೆಳಕು ಹರಿದ ಮೇಲೆ, ನಾಲ್ಕು ಜನಕ್ಕೆ ಕಡಿಮೆ ಇಲ್ಲದಂತೆ, ರಸ್ತೆ ಬಿಡದೆ ಹೋಗಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಕರಡಿಗೆ ದೂರದಿಂದ ಮಾತು ಕೇಳಿಸಿದ್ರೆ ಅದೇ ಪಕ್ಕಕ್ಕೆ ಹೋಗ್ತದೆ, ತಿರುವಿನಲ್ಲಿ ಎದುರಾಬದುರಾ ಸಿಕ್ಕಿದ್ರೇ ಕಷ್ಟ. ಕೋಟೆಯ ಮೆಟ್ಟಿಲ ಮೇಲೆ ಓಡೋ ಆಸೆ ಎಲ್ಲರಿಗೂ ಇರ್ತದೆ. ಬೇಡ. ಕಲ್ಲು ಸವೆದು ನುಣುಪಾಗಿದೆ, ಜನ ಓಡಾಡ್ತಿರ್ತಾರೆ, ಮೇಲಾಗಿ ಅದು ಸಂರಕ್ಷಿತ ಸ್ಮಾರಕ.

ಏರುವಾಗ ವಾಚಿನ ಪೇಸ್ (ಕಿ.ಮೀ.ಗೆ ಎಷ್ಟು ನಿಮಿಷ ಅನ್ನೋದು) ತೆರೆ ತೆಗೆದುಹಾಕಿ. ಏರು 15 ಶೇಕಡಾ ದಾಟಿದ ಮೇಲೆ ನಿಮ್ಮ ಮಟ್ಟದವರಿಗೆ ಓಡೋದೂ ಒಂದೇ, ಬಿರುಸಾಗಿ ನಡೆಯೋದೂ ಒಂದೇ. ಓಡಿದ್ರೆ ಉಸಿರು ಹೋಗ್ತದೆ, ಹೊತ್ತು ಉಳಿಯಲ್ಲ. ಅಂಗೈ ಮೊಣಕಾಲ ಮೇಲಿಟ್ಟು ಒತ್ತಿ, ಚಿಕ್ಕ ಹೆಜ್ಜೆ ಹಾಕಿ. ಒಂದು ಪೂರ್ತಿ ವಾಕ್ಯ ಆಡೋಕೆ ಆಗ್ತಿದ್ರೆ ಸರಿಯಾಗಿದ್ದೀರಿ ಅಂತ ಅರ್ಥ.

ಹರಿಹರ_ಫಿಸಿಯೋ

ಜೋಗಿಮಟ್ಟಿ ಸರ್ ಹೇಳಿದ ಕೊರತೆಯ ಬಗ್ಗೆ. ಸಪಾಟು ಊರಿನ ಓಟಗಾರರನ್ನ ಕೆಡವೋದು ಇಳಿಜಾರು, ಏರಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಉದ್ದವಾಗ್ತಾ ಬ್ರೇಕ್ ಹಾಕುತ್ತೆ. ಎಳೆಗಳಿಗೆ ಪೆಟ್ಟು ಬೀಳೋದು ಈ ಕೆಲಸದಲ್ಲೇ. ಉಸಿರು ಆರಾಮಾಗಿರೋದ್ರಿಂದ ಗೊತ್ತೇ ಆಗಲ್ಲ, ಓಟದ ಕೊನೇ ಭಾಗದಲ್ಲಿ ಮೊಣಕಾಲು ನಡುಗೋಕೆ ಶುರುವಾದಾಗಲೇ ಗೊತ್ತಾಗೋದು. ನೋವು ಮಾರನೇ ದಿನದಿಂದ ಮೂರನೇ ದಿನದವರೆಗೆ ಜಾಸ್ತಿ ಇರುತ್ತೆ.

ಒಳ್ಳೇ ಸಂಗತಿ ಏನಂದ್ರೆ, ಒಂದು ಸಲ ಹದವಾಗಿ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ. ಹಾಗಾಗಿ ಇಳಿಜಾರಿನ ಅಭ್ಯಾಸ ಓಟಕ್ಕೆ ಆರು ವಾರ ಇರುವಾಗಲಾದ್ರೂ ಶುರುವಾಗಿರಬೇಕು. ಮೊದಲ ದಿನ ಒಟ್ಟು 150 ಮೀ. ಇಳಿತ ಸಾಕು. ಕೊನೆಯ ಜೋರಾದ ಇಳಿತ ಓಟಕ್ಕೆ 12ರಿಂದ 14 ದಿನ ಮೊದಲು ಮುಗಿಯಬೇಕು, ಆಮೇಲೆ ಮುಟ್ಟಬೇಡಿ.

ಮನೆಯಲ್ಲಿ ಮಾಡೋಕೆ ಇದೊಂದು ಸಾಕು. 20 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗೋವರೆಗೆ ಮೂರು ಎಣಿಸ್ತಾ ನಿಧಾನಕ್ಕೆ ಇಳೀರಿ. ನಿಂತ ಕಾಲಿನ ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಬೇಕು, ಒಳಗೆ ವಾಲಬಾರದು. ವಾಲಿದ್ರೆ ಮೆಟ್ಟಿಲ ಎತ್ತರ ಕಡಿಮೆ ಮಾಡಿ. ಒಂದೊಂದು ಕಾಲಿಗೆ 10ರಂತೆ ಮೂರು ಸುತ್ತು, ವಾರಕ್ಕೆರಡು ದಿನ.

ಇಳಿಯುವಾಗ ಭಯಕ್ಕೆ ಹಿಂದಕ್ಕೆ ಒರಗಿದ್ರೆ ಹಿಮ್ಮಡಿ ಮುಂದೆ ಬಿದ್ದು ಗರಸಿನ ಮೇಲೆ ಜಾರುತ್ತೆ. ಮೈಯನ್ನ ಇಳಿಜಾರಿನ ಕಡೆಗೇ ಸ್ವಲ್ಪ ಬಿಟ್ಟು, ಹೆಜ್ಜೆ ಚಿಕ್ಕದು ಮಾಡಿ, ಬೇಗಬೇಗ ಇಡಿ. ಕಣ್ಣು ಪಾದದ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ.

ಪೇಸರ್_ವಿದ್ಯಾನಗರ (ದಾವಣಗೆರೆ)

ರಸ್ತೆ ವೇಗದ ಪ್ರಶ್ನೆಗೆ ನಾನು ಹೇಳ್ತೀನ್ರಿ. ವಾರಕ್ಕೊಂದು ದಿನ ಬಿಡದೆ ವೇಗದ ಕೆಲಸ ಇಟ್ಕೊಂಡ್ರೆ ಏನೂ ಸಾಯಂಗಿಲ್ಲ. ಮಂಗಳವಾರ 1,000 ಮೀ. ಐದು ಸಲ, ನಿಮ್ಮ 10 ಕಿ.ಮೀ. ವೇಗದಾಗ, ನಡುವೆ ಎರಡು ನಿಮಿಷ ಮೆಲ್ಲಗೆ ಜಾಗ್. 55 ನಿಮಿಷದವರಿಗೆ ಒಂದೊಂದೂ 5 ನಿಮಿಷ 30 ಸೆಕೆಂಡ್. ಐದನೇದು ಮೊದಲನೇದಕ್ಕಿಂತ ನಿಧಾನ ಆದ್ರೆ ಮೊದಲನೇದು ಜೋರಾಗಿತ್ತು ಅಂತ ಲೆಕ್ಕ. ಗುಡ್ಡ ಗುರುವಾರ. ಭಾನುವಾರ ದೂರದ್ದು, ಒಂದು ವಾರ ಗುಡ್ಡದಾಗ, ಒಂದು ವಾರ ಭದ್ರಾ ನಾಲೆ ಏರಿ ಮ್ಯಾಗ. ಸೋಮವಾರ, ಶುಕ್ರವಾರ ರಜೆ. ಬುಧವಾರ, ಶನಿವಾರ ಆರಾಮಾಗಿ 40 ನಿಮಿಷ. ಮಂಗಳವಾರದ ವೇಗ ಮತ್ತು ಗುರುವಾರದ ಇಳಿತ ಎರಡನ್ನೂ ಒಂದೇ ದಿನಕ್ಕೆ ತಳ್ಳಬ್ಯಾಡ್ರಿ, ಮೀನಖಂಡ ಹಿಡಕಂತದ.

ನಾಲೆ ಏರಿ ಮಳೆಯಾದ ಮಾರನೇ ದಿನ ಬ್ಯಾಡ. ಎರೆಮಣ್ಣು ಶೂಗೆ ಅಂಟಿ ಒಂದೊಂದು ಕಾಲು ಅರ್ಧ ಕೆಜಿ ಭಾರ ಆಗ್ತದ, ಸೊಂಟಕ್ಕೆ ಹೊಡೀತದ. ಹೈವೇ ಸರ್ವಿಸ್ ರಸ್ತೇಲಿ ಓಡೋದಾದ್ರೆ ಎದುರಿನಿಂದ ಗಾಡಿ ಬರೋ ಕಡೆಗೇ ಓಡ್ರಿ, ಮಿಂಚೋ ಜಾಕೆಟ್ ಹಾಕ್ಕೊಳ್ರಿ. ಸೆಪ್ಟೆಂಬರ್ ತನಕ ಪಶ್ಚಿಮದ ಗಾಳಿ ಜೋರು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಬೆನ್ನಿಗೆ ಬಿಡ್ರಿ. ಎದುರುಗಾಳಿಯಾಗ ವಾಚಿನ ವೇಗ ಹಿಡಿಯಾಕ ಹೋಗಬ್ಯಾಡ್ರಿ.

ಗುಡ್ಡದ ಓಟ ಆದ ಮೇಲೆ ಹತ್ತು ದಿನ ಯಾವ ವೇಗದ ಕೆಲಸನೂ ಇಲ್ಲ. ಎರಡನೇ ವಾರದ ಕೊನೆಗೆ 400 ಮೀ. ಆರು ಸಲ, ಮೂರನೇ ವಾರ 1,000 ಮೀ. ನಾಲ್ಕು ಸಲ, ನಾಲ್ಕನೇ ವಾರ ಬರೀ ಆರಾಮ. ಬೆಂಗಳೂರಾಗ ಮೊದಲ ಕಿ.ಮೀ. ಗುರಿಗಿಂತ 5ರಿಂದ 10 ಸೆಕೆಂಡ್ ನಿಧಾನ ಹೋಗ್ರಿ. ಅಲ್ಲಿ ಗುಂಪು ಎಳಕೊಂಡು ಹೋಗ್ತದ, ಏಳನೇ ಕಿ.ಮೀ.ನಾಗ ಅದರ ಬಡ್ಡಿ ಕಟ್ಟಬೇಕಾಗ್ತದ.

ಕುಂದುವಾಡ_ಕೆರೆ

ಮೂವರಿಗೂ ಧನ್ಯವಾದ. ಶೂ ಮತ್ತು ಊಟದ ವಿಷಯ ಉಳೀತು. ಇನ್ನೊಂದು, ಕ್ಲಬ್ಬಿನ ಪರವಾಗಿ ಮೂವರ ತಂಡ ಅಂತ ಆರಿಸಬೇಕು. 10 ಕಿ.ಮೀ. ಟೈಮ್ ನೋಡಿ ಆರಿಸಿದ್ರೆ ಸರಿಹೋಗುತ್ತಾ? ಕೆಲವರು ಟ್ರೆಕ್ಕಿಂಗ್ ಕೋಲು ಬೇಕು ಅಂತಾರೆ.

ಜೋಗಿಮಟ್ಟಿ_ಏರು

ಶೂಗೆ ಎರಡು ಥರದ ನೆಲ ಲೆಕ್ಕಕ್ಕಿಡಿ. ನಮ್ಮ ಕಡೆ ಗರಸು, ಬಂಡೆ, ಜಾಲಿ ಮುಳ್ಳು. ಇದಕ್ಕೆ ಅಡಿಯ ಹಲ್ಲು 3ರಿಂದ 4 ಮಿ.ಮೀ. ಇದ್ರೆ ಸಾಕು. ರಸ್ತೆ ಶೂನ ಮೆತ್ತನೆ ಫೋಮಿಗೆ ಜಾಲಿ ಮುಳ್ಳು ನೆಟ್ಟಗೆ ಒಳಗೆ ಹೋಗ್ತದೆ, ಮುರಿದ ತುದಿ ಅಲ್ಲೇ ಉಳಿದು ನಾಲ್ಕು ದಿನ ಬಿಟ್ಟು ಚುಚ್ತದೆ. ಅಡಿಯಲ್ಲಿ ಗಟ್ಟಿ ಪ್ಲೇಟ್ ಇರೋ ಟ್ರೇಲ್ ಶೂ (ಗುಡ್ಡ, ಕಾಡುದಾರಿಯ ಓಟದ ಶೂ) ಆದ್ರೆ ಬಹುಪಾಲು ತಡೀತದೆ. ಓಡಿ ಬಂದ ಮೇಲೆ ಇನ್‌ಸೋಲ್ ತೆಗೆದು ಒಳಗೆ ಬೆರಳಾಡಿಸಿ ನೋಡಿ. ಮಲೆನಾಡಿನ ಕೆಸರಿಗೆ 5 ಮಿ.ಮೀ. ಮೇಲೆ ಬೇಕು. ಒಂದೇ ಜೋಡಿ ತಗೊಳ್ಳೋದಾದ್ರೆ 4ರಿಂದ 5 ಮಿ.ಮೀ.ದು ನೋಡಿ. ಹೊಸ ಶೂನಲ್ಲಿ ಓಟಕ್ಕೆ ಇಳೀಬೇಡಿ, ಕನಿಷ್ಠ 60 ಕಿ.ಮೀ. ಪಳಗಿಸಿ.

ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಇಳಿಯೋಕೆ ಮುಂಚೆ ನಿಂತು ಲೇಸ್ ಬಿಗೀರಿ. ಮೇಲಿನ ಕೊನೇ ತೂತಲ್ಲಿ ಲೇಸನ್ನ ಅದೇ ಕಡೆ ಒಳಗೆ ಹಾಕಿ ಕುಣಿಕೆ ಮಾಡಿ, ಎದುರಿನ ಲೇಸನ್ನ ಆ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದೆ ಕೂರ್ತದೆ, ಬೆರಳು ಮುಂದೆ ಗುದ್ದಲ್ಲ. ಇದನ್ನ ಬಿಟ್ಟವರ ಉಗುರು ಕಪ್ಪಾಗೋದು ಖಂಡಿತ.

ಕಾಫಿ ತೋಟದಲ್ಲಿ ನೆಲ ಒದ್ದೆ ಇದ್ರೆ ಇಂಬಳ ಇರ್ತಾವೆ. ಮೊಣಕಾಲವರೆಗೆ ಸಾಕ್ಸ್, ಸಾಕ್ಸಿನ ಮೇಲೆ ಹೊಗೆಸೊಪ್ಪಿನ ಪುಡಿ. ಹತ್ತಿದ್ದನ್ನ ಉಗುರಲ್ಲಿ ಜಾರಿಸಿ ತೆಗೀರಿ, ರಕ್ತ ಸ್ವಲ್ಪ ಹೊತ್ತು ಸೋರ್ತದೆ, ಗಾಬರಿ ಬೇಡ. ಬೆನ್ನಿನ ಚೀಲದಲ್ಲಿ ಒಂದೂವರೆ ಲೀಟರ್ ನೀರು, ತೆಳು ಮಳೆ ಜಾಕೆಟ್, ಸೀಟಿ, ಕ್ರೇಪ್ ಬ್ಯಾಂಡೇಜ್. ಓಟ ನಡೆಸೋರು ಕೇಳಿದ್ರೂ ಕೇಳದಿದ್ರೂ ಇರಲಿ.

ಹರಿಹರ_ಫಿಸಿಯೋ

ಊಟದ ಬಗ್ಗೆ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು, ಮೊದಲ ಅರ್ಧ ಗಂಟೆಯಿಂದಲೇ. ಒಂದು ಮಧ್ಯಮ ಬಾಳೆಹಣ್ಣು ಸುಮಾರು 25 ಗ್ರಾಂ, 20 ಗ್ರಾಂ ಬೆಲ್ಲದ ಅಚ್ಚು 19 ಗ್ರಾಂ. ಅಂದ್ರೆ ಗಂಟೆಗೆ ಒಂದು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ. ಶೇಂಗಾ ಚಿಕ್ಕಿ ಒಳ್ಳೇದೇ, ಆದ್ರೆ ಏರುವಾಗ ಅಗಿಯೋಕಾಗಲ್ಲ, ಸಪಾಟಲ್ಲಿ ತಿನ್ನಿ. ಮಂಡಕ್ಕಿ ಒಣಬಾಯಿಗೆ ಅಂಟುತ್ತೆ. ಓಟದ ದಿನ ಬೆಳಿಗ್ಗೆ ಬೆಣ್ಣೆ ದೋಸೆ ಬೇಡ, ಕೊಬ್ಬು ಹೊಟ್ಟೆಯಲ್ಲೇ ಕೂತಿರುತ್ತೆ. ಓಟಕ್ಕೆ ಎರಡೂವರೆ ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ ತಗೊಳ್ಳಿ.

ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಲೀಟರಿಗೆ ಹಾಕಿದ್ರೆ ಗಟ್ಟಿಯಾಗಿ ವಾಂತಿ ಬರುತ್ತೆ. ಬರೀ ನೀರನ್ನೇ ಬಾಯಾರಿಕೆ ಇಲ್ಲದಿದ್ರೂ ಲೀಟರ್‌ಗಟ್ಟಲೆ ಕುಡಿಯೋದು ಅದಕ್ಕಿಂತ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. ಬೆರಳು ಊದಿ, ತಲೆನೋವು ಬಂದು, ಮಾತು ತಡವರಿಸಿದ್ರೆ ಮತ್ತೆ ನೀರು ಕುಡಿಸಬೇಡಿ, ವೈದ್ಯರ ಹತ್ತಿರ ಕರ್ಕೊಂಡು ಹೋಗಿ.

ಪೇಸರ್_ವಿದ್ಯಾನಗರ

ತಂಡಕ್ಕೆ 10 ಕಿ.ಮೀ. ಟೈಮ್ ನೋಡಬ್ಯಾಡ್ರಿ. ಬಾತಿ ಗುಡ್ಡ ಮೂರು ಸಲ ಹತ್ತಿ ಇಳಿಸ್ರಿ, ಹತ್ತಿದ್ದು ಬ್ಯಾರೆ, ಇಳಿದಿದ್ದು ಬ್ಯಾರೆ ಬರಕೊಳ್ರಿ. ಮೂರನೇ ಇಳಿತ ಮೊದಲನೇದಕ್ಕಿಂತ ಹತ್ತು ಶೇಕಡಾಕ್ಕಿಂತ ಜಾಸ್ತಿ ನಿಧಾನ ಆದವರಿಗೆ ತೊಡೆ ಇನ್ನೂ ತಯಾರಿಲ್ಲ. ತಂಡದ ಅಂಕ ಸ್ಥಾನ ಕೂಡಿಸಿ ಹಾಕೋದಾದ್ರೆ ಕಡಿಮೆ ಬಂದವರು ಗೆಲ್ತಾರೆ. 2, 5, 30 ಕೂಡಿದ್ರೆ 37. 9, 11, 13 ಕೂಡಿದ್ರೆ 33. ಒಬ್ಬ ಹುಲಿಗಿಂತ ಮೂರನೇ ಓಟಗಾರ ಯಾರು ಅನ್ನೋದೇ ಮುಖ್ಯ.

ಕೋಲು ತಗೊಳ್ರಿ ಅಂತೀನಿ, ಏರಿನಾಗ ತೊಡೆ ಭಾರ ಕಡಿಮೆ ಆಗ್ತದ.

ಜೋಗಿಮಟ್ಟಿ_ಏರು

ಕೋಲಿನ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಅಣ್ಣ. ಕಿ.ಮೀ.ಗೆ 40 ಮೀ. ಇರೋ ಕಡೆ ಅರ್ಧಕ್ಕಿಂತ ಹೆಚ್ಚು ದಾರಿ ಅದನ್ನ ಕೈಯಲ್ಲಿ ಹೊತ್ಕೊಂಡೇ ಓಡಬೇಕು. ಕಾಫಿ ಗಿಡದ ನಡುವಿನ ಸಣ್ಣ ದಾರೀಲಿ ಹಿಂದೆ ಬರೋರ ಕಾಲಿಗೆ ತಾಗ್ತದೆ. ಕೈ ಖಾಲಿ ಇದ್ರೆ ಬಿದ್ದಾಗ ಊರಿಕೊಳ್ಳೋಕೂ ಆಗ್ತದೆ. ತಗೊಳ್ಳೇಬೇಕು ಅನ್ನೋರು ಆರು ವಾರ ಮೊದಲೇ ಅಭ್ಯಾಸ ಶುರು ಮಾಡ್ಲಿ, ಆ ಓಟದ ನಿಯಮದಲ್ಲಿ ಕೋಲಿಗೆ ಅವಕಾಶ ಐತಾ ಅಂತ ಮೊದಲು ಓದ್ಲಿ.

ಪೇಸರ್_ವಿದ್ಯಾನಗರ

ಸಣ್ಣ ದಾರಿ ಅಂದ್ರೆ ಹೌದ್ರಿ, ಆ ಮಾತು ಖರೆ. ಹಂಗಾದ್ರೆ ಕೋಲು ಬಿಟ್ಟು ಮೆಟ್ಟಿಲ ಇಳಿಯೋ ವ್ಯಾಯಾಮಕ್ಕೆ ಆ ಹೊತ್ತು ಕೊಡ್ರಿ. ಕುಂದುವಾಡ ಸರ್, ಬಾತಿ ಗುಡ್ಡದ ಮೊದಲ ಗುರುವಾರ ಯಾವಾಗ ಅಂತ ಇಲ್ಲೇ ಹಾಕ್ರಿ, ಟೈಮ್ ಬರಕೊಳ್ಳಾಕ ಒಬ್ಬರು ಬುಡದಾಗ, ಒಬ್ಬರು ತುದಿಯಾಗ ಬೇಕು.