'ಬಿಡು' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ (ತುಮಕೂರು): 'ಸಿಗರೇಟು ಬಿಟ್ಟೆ' ಅನ್ನೋಕೆ 'ಐ ಲೆಫ್ಟ್ ಸ್ಮೋಕಿಂಗ್' ಸರೀನಾ? ಕ್ವಿಟ್, ಗಿವ್ ಅಪ್, ಸೀಸ್ ಇವುಗಳಲ್ಲಿ ಯಾವುದು ಎಲ್ಲಿ?

ಉತ್ತರ (ಇಂಗ್ಲಿಷ್ ಶಿಕ್ಷಕರು): ಸರಿಯಲ್ಲ. ನಾವು ಊರನ್ನೂ ಬಿಡ್ತೀವಿ, ಹಠವನ್ನೂ ಬಿಡ್ತೀವಿ, ಬೀಡಿಯನ್ನೂ ಬಿಡ್ತೀವಿ. ಇಂಗ್ಲಿಷಿನ 'ಲೀವ್' ಊರು, ಜನ, ಕೆಲಸ, ಶಾಲೆಗೆ ಸಾಕು. ಚಟಕ್ಕೆ ಕ್ವಿಟ್, ಗಿವ್ ಅಪ್ ಅಥವಾ ಸ್ಟಾಪ್. ಮೂರರ ಮುಂದೆಯೂ 'ಇಂಗ್' ರೂಪವೇ: 'ಐ ಕ್ವಿಟ್ ಸ್ಮೋಕಿಂಗ್'. ಭೂತಕಾಲದಲ್ಲೂ ಕ್ವಿಟ್ ಎಂದೇ ಇರುತ್ತೆ; 'ಕ್ವಿಟೆಡ್' ನಿಘಂಟಿನಲ್ಲಿದ್ದರೂ ಬಳಕೆ ಅಪರೂಪ. 1942ರ 'ಕ್ವಿಟ್ ಇಂಡಿಯಾ'ದಲ್ಲಿರೋದು ಜಾಗ ಖಾಲಿ ಮಾಡು ಅನ್ನೋ ಹಳೇ ಅರ್ಥ.

ಹೆಚ್ಚು ಜನ ಎಡವೋದು ಸ್ಟಾಪ್‌ನಲ್ಲಿ. 'ಸ್ಟಾಪ್ಡ್ ಡ್ರಿಂಕಿಂಗ್ ಟೀ' ಅಂದ್ರೆ ಟೀ ಕುಡಿಯೋದನ್ನೇ ಬಿಟ್ಟರು. 'ಸ್ಟಾಪ್ಡ್ ಟು ಡ್ರಿಂಕ್ ಟೀ' ಅಂದ್ರೆ ನಂದಿಬೆಟ್ಟದ ದಾರೀಲಿ ಟೀ ಕುಡಿಯೋಕೆ ಗಾಡಿ ನಿಲ್ಲಿಸಿದರು. ಪೂರಾ ಉಲ್ಟಾ!

ಗಿವ್ ಅಪ್ ಜೊತೆ 'ಇಟ್' ಬಂದರೆ ನಡುವೆ ಕೂರಬೇಕು. 2015ರ ಗ್ಯಾಸ್ ಸಬ್ಸಿಡಿ ಅಭಿಯಾನದ ಹೆಸರು ನೆನಪಿಟ್ಟುಕೊಳ್ಳಿ: 'ಗಿವ್ ಇಟ್ ಅಪ್'. 'ಗಿವ್ ಅಪ್ ಇಟ್' ಆಗೋದಿಲ್ಲ.

ಸೀಸ್ (cease) ಅಂದ್ರೆ ನಿಲ್ಲು, ನಿಲ್ಲಿಸು; ಅದು ಪತ್ರಿಕೆ, ಕೋರ್ಟಿನ ಭಾಷೆ. ಕೆಜಿಎಫ್ ಗಣಿ ಬಗ್ಗೆ 'ಮೈನಿಂಗ್ ಸೀಸ್ಡ್ ಇನ್ 2001' ಅಂತ ಬರೀಬಹುದು. ಗಲಾಟೆ ಮಾಡೋ ಮಗೂಗೆ 'ಸೀಸ್ ಟಾಕಿಂಗ್' ಅಂದ್ರೆ ನೋಟಿಸ್ ಕೊಟ್ಟಂಗಿರುತ್ತೆ. ಪೊಲೀಸರು ಬೈಕ್ 'ಸೀಜ್' (seize) ಮಾಡೋದು ಬೇರೆ ಪದ, ಕಾಗುಣಿತವೂ ಬೇರೆ, ಅರ್ಥ ಜಪ್ತಿ.

ಪ್ರಶ್ನೆ (ಮಾಲೂರು): ರಾಜೀನಾಮೆ ಪತ್ರದಲ್ಲಿ ಕ್ವಿಟ್ ಹಾಕಬಹುದಾ ಸರ್?

ಉತ್ತರ: ಬೇಡ. ಮಾತಿಗೆ ಸರಿ, ಪತ್ರದಲ್ಲಿ ಮುನಿಸಿಕೊಂಡು ಎದ್ದುಹೋದಂಗೆ ಕಾಣುತ್ತೆ. 'ರಿಸೈನ್ ಫ್ರಮ್' ಹಾಕಿ ಹುದ್ದೆ ಬರೆಯಿರಿ, ಇಲ್ಲವೇ 'ರಿಸೈನ್ ಆ್ಯಸ್ ಸೂಪರ್‌ವೈಸರ್' ಅನ್ನಿ. ಕೊನೇ ದಿನದ ತಾರೀಖು ಅದೇ ವಾಕ್ಯದಲ್ಲಿರಲಿ.

ಪ್ರಶ್ನೆ (ಚಿಂತಾಮಣಿ): ಸಾಲ ಮನ್ನಾಗೂ ಗಿವ್ ಅಪ್ ನಡೆಯುತ್ತಾ?

ಉತ್ತರ: ಅದಕ್ಕೆ 'ವೇವ್' (waive). ಬರಬೇಕಾದ್ದನ್ನು ಬಿಟ್ಟುಕೊಡೋರು ಕರ್ತೃ ಆಗಬೇಕು: ಬ್ಯಾಂಕು ವೇವ್ ಮಾಡುತ್ತೆ, ರೈತ ಅಲ್ಲ. ಬರೆಯುವಾಗ ನಡುವಿನ 'ಐ' ಅಕ್ಷರ ಮರೆತರೆ ಅದು wave ಆಗಿ, ಬ್ಯಾಂಕು ಸಾಲಕ್ಕೆ ಕೈ ಬೀಸಿದಂಗಾಗುತ್ತೆ.